ಫೈರ್‌ವಾಲ್ ಮತ್ತು ಸೆಮಿಫೈನಲ್

"ಆಫೀಸಿನಾಗ ಎಲ್ಲಾರೂ ಕಂಪ್ಯೂಟರಿನಾಗ ಕ್ರಿಕೆಟ್ ನೋಡ್ಕೋತ ಕೂಡ್ತಾರ. ನಮ್ಮ ಫೈರ್‌ವಾಲ್ ಏನೂ ತಡೆಯಂಗಿಲ್ರಿ, ಹೊಸ ಸಾಫ್ಟ್‌ವೇರ್ ಹಾಕ್ರಿ," ಎಂದು ಕಮಲಾಪುರದ ಒಂದು ಕಚೇರಿಯ ಮ್ಯಾನೇಜರರು ಫೋನಿನಲ್ಲಿ ಗುಡುಗಿದ್ದಕ್ಕೇ ಕಂಪ್ಯೂಟರ್ ರಿಪೇರಿ ಮಾಡುವ ನಾನು ಕಲಬುರಗಿಯಲ್ಲಿ ಬಸ್ಸು ಹತ್ತಿದ್ದು.

ಹೋಗಿ ನೋಡಿದರೆ, ಬೇಡದ ವೆಬ್‌ಸೈಟುಗಳನ್ನು ತಡೆಯಬೇಕಾದ ಅವರ ಫೈರ್‌ವಾಲ್ ಪೆಟ್ಟಿಗೆ ತೀರಾ ಹಳೆಯದು. ಹೊಸ ಸಾಫ್ಟ್‌ವೇರ್ ಅದರಲ್ಲಿ ನಡೆಯುವಂತಿರಲಿಲ್ಲ.

"ಪೆಟ್ಟಿಗಿನೇ ಬದಲಿ ಮಾಡಬೇಕ್ರಿ. ನಾಳೆ ತರ್ತೀನಿ," ಎಂದೆ.

ಸಿಬ್ಬಂದಿಯ ಮುಖ ಸಪ್ಪಗಾಯಿತು. ಆದರೂ ಪಾಪ, ತಮ್ಮೂರಿನ ಕೆಂಪು ಬಾಳೆಹಣ್ಣು ಕೊಟ್ಟರು.

"ನಾಳೆ ತಪ್ಪಿಸಬ್ಯಾಡ್ರಿ ಮತ್ತ," ಎಂದು ಮ್ಯಾನೇಜರರು ಎಲ್ಲರೆದುರು ಜೋರು ಮಾಡಿದರು. ನನ್ನನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟಾಗ ಮಾತ್ರ ಅವರ ದನಿ ತಗ್ಗಿತ್ತು. "ನಾಳೆ ಸೆಮಿಫೈನಲ್ ಅದರೀ. ನಾಡಿದ್ದು ಬರ್ರಿ."

ಮರುದಿನ, ಪೆಟ್ಟಿಗೆ ಸಿಕ್ಕಿಲ್ಲವೆಂದು ಫೋನ್ ಮಾಡಿದೆ. ಅವರು ಇಡೀ ಕಚೇರಿಗೆ ಕೇಳುವಂತೆ ನನ್ನನ್ನು ಬೈದು, ಕೊನೆಗೆ ಮೆಲ್ಲಗೆ ಸ್ಕೋರು ಹೇಳಿದರು.