ಅವನಲ್ಲ, ಇನ್ನೊಬ್ಬ

ತೊಂಬತ್ತರ ದಶಕದಲ್ಲಿ ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಪಕ್ಕದ ಮನೆಯಲ್ಲಿದ್ದ ಜರ್ಮನ್ ಮುದುಕರ ಹೆಸರು ಅವರೊಬ್ಬರದೇ ಆಗಿರಲಿಲ್ಲ. ಅದೇ ಹೆಸರಿನ ಪ್ರಸಿದ್ಧ ಫುಟ್‌ಬಾಲ್ ಆಟಗಾರನೊಬ್ಬನಿದ್ದ, ಚಿತ್ರಕಾರನೊಬ್ಬನಿದ್ದ, ಯುದ್ಧಕಾಲದ ನಾಜಿ ಸೇನಾಧಿಕಾರಿಯೊಬ್ಬನೂ ಇದ್ದ. ಹೆಸರು ಕೇಳಿದವರೆಲ್ಲ ಹುಬ್ಬೇರಿಸುತ್ತಿದ್ದರು. ಇವರು ಟೋಪಿ ತೆಗೆದು, ತಪ್ಪು ಮಾಡಿದವರ ಹಾಗೆ, "ಅವನಲ್ಲ, ನಾನು ಇನ್ನೊಬ್ಬ" ಅನ್ನುತ್ತಿದ್ದರು. ಸೇನಾಧಿಕಾರಿಯ ಮಾತು ಬಂದ ದಿನ ಮಾತ್ರ ಆ ಟೋಪಿ ಬಹಳ ಹೊತ್ತು ಕೈಯಲ್ಲೇ ಉಳಿಯುತ್ತಿತ್ತು.

ಒಂದು ಚಳಿಗಾಲ ನಾವಿಬ್ಬರೂ ಮನೆಮುಂದಿನ ಡ್ರೈವ್‌ವೇಯಲ್ಲಿ ಹಿಮ ಎತ್ತಿಹಾಕುತ್ತಿದ್ದಾಗ ಅವರು ಕೇಳಿದರು: "ನಿಮ್ಮಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಏನು ಮಾಡ್ತೀರಿ?"

"ಹೆಸರಿನ ಮುಂದೆ ಊರು ಸೇರಿಸ್ತೀವಿ, ಅಷ್ಟೇ. ನಮ್ಮ ಕ್ಲಾಸಲ್ಲಿ ಒಬ್ಬ ಕಡೂರು ನಾಗರಾಜ, ಒಬ್ಬ ತಿಪಟೂರು ನಾಗರಾಜ. ನಿಮ್ಮದು ಯಾವ ಊರು?"

ಅವರು ಸಲಿಕೆ ಊರಿ ನಿಂತರು. "ಯುದ್ಧ ಮುಗಿದ ಮೇಲೆ ನಮ್ಮೂರು ಪೋಲೆಂಡಿಗೆ ಸೇರಿತು. ಅದರ ಹೆಸರನ್ನೇ ಬದಲಾಯಿಸಿಬಿಟ್ಟರು" ಅಂದು, ಹಳೆಯ ಹೆಸರನ್ನು ಮೆಲ್ಲಗೆ ಹೇಳಿದರು.

ಮರುದಿನದಿಂದ ನಾನು ಆ ಊರು ಸೇರಿಸಿಯೇ ಅವರನ್ನು ಕೂಗತೊಡಗಿದೆ. ನನ್ನ ಉಚ್ಚಾರಣೆ ದೇವರಿಗೇ ಪ್ರೀತಿ. ಆದರೂ ಅವರು, ಯಾರೋ ಮನೆಯೊಳಗಿಂದ ಊಟಕ್ಕೆ ಕರೆದಂತೆ, ತಟ್ಟನೆ ತಿರುಗುತ್ತಿದ್ದರು.

ಅವರ ಅಂತ್ಯಕ್ರಿಯೆಗೆ ಬಂದವರು ಕೆಲವೇ ಜನ. ಪಾದ್ರಿ ಅವರ ಹೆಸರು ಹೇಳಿ, "ಆ ಫುಟ್‌ಬಾಲ್ ಆಟಗಾರರಲ್ಲ, ಇವರು ಇನ್ನೊಬ್ಬರು" ಎಂದು ನಕ್ಕರು. ಬಂದವರೂ ನಕ್ಕರು. ನಾನು ಎದ್ದು ನಿಂತೆ. ಹಿಂದಿನ ಸಾಲಿನಿಂದಲೇ ಊರು ಸೇರಿಸಿ ಅವರ ಹೆಸರನ್ನು ಗಟ್ಟಿಯಾಗಿ ಕೂಗಿದೆ.

ಎಲ್ಲರೂ ತಿರುಗಿ ನೋಡಿದರು. ತಿರುಗಬೇಕಾದವರು ಪೆಟ್ಟಿಗೆಯಲ್ಲಿದ್ದರು.