ಕಾರ್ಡು ಎತ್ತಿದ ಕ್ಲಾಸು

ಬೈಲಹೊಂಗಲದಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಸವದತ್ತಿಗೆ ಹೋಗಿ, ಅಲ್ಲೊಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದೆ. ಹೆಸರಿಗೆ ಅತಿಥಿ ಉಪನ್ಯಾಸಕಿ. ಎಂಥ ಅತಿಥಿ? ಒಂದು ಕಪ್ ಚಹಾ ಕೊಡುವವರೂ ಇರಲಿಲ್ಲ. ಅದಕ್ಕೆ ನನಗೆ ಬೇಜಾರಿರಲಿಲ್ಲ. ಹೊಟ್ಟೆ ಉರಿಯುತ್ತಿದ್ದದ್ದು ಕ್ಲಾಸಿನ ಮೌನಕ್ಕೆ. ಗಂಟಲು ಹರಿಯುವಂತೆ ಪಾಠ ಮಾಡಿ "ತಿಳೀತೇನ್ರಿ?" ಎಂದರೆ ಎಲ್ಲರೂ ಗೋಣು ಹಾಕುತ್ತಿದ್ದರು. "ಏನ್ ತಿಳೀತು, ಹೇಳ್ರಿ ನೋಡೂಣು" ಎಂದರೆ ಅಷ್ಟೂ ಮಂದಿ ನೆಲ ನೋಡುತ್ತಿದ್ದರು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಪ್ರತಿಧ್ವನಿ ಕೊಡುತ್ತಿತ್ತು!

ಅದರಲ್ಲೂ ಉಗರಗೋಳದ ಒಬ್ಬಳು ಹುಡುಗಿ ಇದ್ದಳು, ಮುಂದಿನ ಬೆಂಚಿನವಳು. ಅವಳ ಮನೆಯವರು ಅಲ್ಲಿನ ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಕಾಯಿ, ಕರ್ಪೂರ ಮಾರುತ್ತಿದ್ದರು. ಅಂಗಡಿಯಲ್ಲಿ ಅವಳು ಗಿರಾಕಿಗಳ ಜೊತೆ ವಟವಟ ಚೌಕಾಸಿ ಮಾಡುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಕ್ಲಾಸಿಗೆ ಬಂದರೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಮ್ಮೆ ವರಾಂಡದಲ್ಲಿ ಹಿಡಿದು ನಿಲ್ಲಿಸಿ ಯಾಕವ್ವಾ ಹೀಗೆ ಎಂದು ಕೇಳಿದೆ. "ತಪ್ಪಾದ್ರ ಹೆಂಗ್ರಿ ಮೇಡಮ್" ಎಂದು ಗುನುಗಿ ಓಡಿಯೇಬಿಟ್ಟಳು.

ಆ ವರ್ಷ ಪ್ರಿನ್ಸಿಪಾಲರು ನನ್ನನ್ನು ಕರೆದು ಕೂರಿಸಿ ಹೇಳಿದರು: "ಕಾಲೇಜು ತಪಾಸಣಿ ಮಾಡೂ ಕಮಿಟಿಯವ್ರು ಈ ಸಲ ಕ್ಲಾಸಿಗೇ ಬಂದು ಕುಂಡರತಾರ್ರಿ. ಹುಡುಗ್ರು ಪಾಠದಾಗ ಭಾಗವಹಿಸೂದು ಕಾಣಬೇಕು. ಇಲ್ಲಂದ್ರ ನಿಮ್ಮ ವಿಷಯಾನ ಮುಚ್ಚತಾರ. ನನ್ನ ಕೈಯಾಗ ಏನೂ ಇಲ್ಲ." ವಿಷಯ ಮುಚ್ಚಿದರೆ ನಾನೂ ಮನೆಗೆ. ಕಿತ್ತೂರಲ್ಲೂ ರಾಮದುರ್ಗದಲ್ಲೂ ಆಗಲೇ ಕೇಳಿ ಬಂದಿದ್ದೆ, ಎಲ್ಲೂ ಜಾಗವಿರಲಿಲ್ಲ. ನಲವತ್ತು ದಾಟಿದವಳಿಗೆ ಇನ್ನೆಲ್ಲಿ ಕೆಲಸ? ಅವತ್ತು ಕ್ಲಾಸಿಗೆ ಹೋದವಳೇ ಬಾಯಿಗೆ ಬಂದಂತೆ ಒದರಿದೆ. "ನೀವು ಹಿಂಗ ಕಲ್ಲಾಗಿ ಕುಂತ್ರ ನನ್ನ ಕೆಲಸ ಹೋಗತೈತಿ, ಗೊತ್ತೈತೇನ್ರಿ ನಿಮಗ?"

ಆಮೇಲೆ ಒಂದು ತರಬೇತಿಯಲ್ಲಿ ಕಾರ್ಡುಗಳ ವಿಷಯ ಗೊತ್ತಾಯಿತು. ಪ್ರತಿ ವಿದ್ಯಾರ್ಥಿಗೂ ಒಂದು ಚೌಕನೆಯ ಕಾಗದ, ಅದರ ತುಂಬ ದಪ್ಪ ಕಪ್ಪು ಚಿತ್ತಾರ, ನಾಲ್ಕು ಬದಿಗೂ ಒಂದೊಂದು ಅಕ್ಷರ. ತಮ್ಮ ಉತ್ತರದ ಅಕ್ಷರ ಮೇಲೆ ಬರುವಂತೆ ಹಿಡಿದು ಎತ್ತಿದರೆ ಸಾಕು. ನಾನು ಮೊಬೈಲಿನ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ಹಾಯಿಸಿದರೆ ಯಾರು ಏನು ಹೇಳಿದರೆಂದು ಅದು ಓದಿಕೊಳ್ಳುತ್ತದೆ, ಒಟ್ಟು ಲೆಕ್ಕ ಗೋಡೆಯ ದೊಡ್ಡ ಪರದೆಯ ಮೇಲೆ ಮೂಡುತ್ತದೆ. ಬಾಯಿ ತೆರೆಯುವ ಕೆಲಸವೇ ಇಲ್ಲ. ಲ್ಯಾಮಿನೇಷನ್ ಮಾಡಿಸಿದರೆ ಹೊಳಪಿಗೆ ಕ್ಯಾಮೆರಾ ಕುರುಡಾಗುತ್ತದೆಂದು ಹೇಳಿದ್ದರು. ಹಾಗಾಗಿ ಬರೀ ಕಾಗದದ ಮೇಲೆಯೇ ಮುದ್ರಿಸಿ ರಟ್ಟಿಗೆ ಅಂಟಿಸಿದೆ.

ಮೊದಲ ಪ್ರಶ್ನೆ: ಹುಣ್ಣಿಮೆಗೆ ಗುಡ್ಡದಲ್ಲಿ ತೆಂಗಿನಕಾಯಿ ಬೆಲೆ ಯಾಕೆ ಏರುತ್ತದೆ? ಒಂದು ಕ್ಷಣ ತಡೆದು ಎಲ್ಲ ಕಾರ್ಡುಗಳೂ ಮೇಲೆದ್ದವು. ಅಯ್ಯ ಶಿವನೇ, ಅರ್ಧಕ್ಕರ್ಧ ತಪ್ಪು! ಇಷ್ಟು ದಿನ ಗೋಣು ಹಾಕಿದವರಿಗೆ ಬೇಡಿಕೆ ಎಂದರೇನೆಂದೇ ತಿಳಿದಿರಲಿಲ್ಲ. ನನಗೆ ಮಾತ್ರ ಕುಣಿಯುವಷ್ಟು ಖುಷಿ. ಎಲ್ಲಿ ತಿಳಿದಿಲ್ಲ ಎಂಬುದಾದರೂ ತಿಳಿಯಿತಲ್ಲ. ಮತ್ತೆ ಬಿಡಿಸಿ ಹೇಳಿದೆ, ಮತ್ತೆ ಕೇಳಿದೆ. ದಸರಾ ಬರುವ ಹೊತ್ತಿಗೆ ನಾನು ಒಳಗೆ ಕಾಲಿಡುವ ಮೊದಲೇ ಉಗರಗೋಳದ ಹುಡುಗಿ ಕಪಾಟು ತೆಗೆದು ಎಲ್ಲರಿಗೂ ಕಾರ್ಡು ಹಂಚಿರುತ್ತಿದ್ದಳು. ಕಪಾಟಿನ ಕೀಲಿಯನ್ನು ಅವಳ ಹತ್ತಿರವೇ ಬಿಟ್ಟಿದ್ದೆ.

ರಜೆಗೆ ಮುಂಚಿನ ದಿನ ಕಾಲೇಜಿನಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ನಮ್ಮ ಕಡೆ ಅವತ್ತು ಟ್ರ್ಯಾಕ್ಟರಿನಿಂದ ಹಿಡಿದು ತಕ್ಕಡಿಯವರೆಗೆ, ದುಡಿಯುವ ಎಲ್ಲ ಸಾಮಾನಿಗೂ ವಿಭೂತಿ, ಕುಂಕುಮ ಬೀಳಲೇಬೇಕು. ನನಗೆ ಮನೆಯಲ್ಲಿ ಕೆಲಸವಿತ್ತು, ಹೋಗಲಿಲ್ಲ.

ರಜೆ ಮುಗಿದ ದಿನವೇ ಕಮಿಟಿ ಬಂತು. ಕನ್ನಡಕದ ಸಾಹೇಬರೊಬ್ಬರು ಪ್ರಿನ್ಸಿಪಾಲರ ಜೊತೆ ಹಿಂದಿನ ಬೆಂಚಿನಲ್ಲಿ ಕೂತರು. ನಾನು ಜಂಬದಿಂದಲೇ ಪ್ರಶ್ನೆ ಹಾಕಿ "ಎತ್ತರಿ" ಎಂದೆ. ಎತ್ತಿದರು. ಪ್ರತಿ ಕಾರ್ಡಿನ ನಡುವೆ, ಕಪ್ಪು ಚಿತ್ತಾರದ ಮೇಲೆ, ಮೂರು ಬೆರಳಿನ ಅಡ್ಡ ವಿಭೂತಿ. ಅದರ ನಡುವೆ ಕುಂಕುಮದ ಬೊಟ್ಟು.

ಮೊಬೈಲು ಎಷ್ಟು ಹಾಯಿಸಿದರೂ ಒಂದೂ ಓದಲಿಲ್ಲ. ಪರದೆಯ ಮೇಲೆ ಸೊನ್ನೆ. "ಒರಸ್ರಿ, ಲಗೂನ ಒರಸ್ರಿ!" ಎಂದೆ. ಪೂಜೆ ಮಾಡಿದ್ದನ್ನು ಒರೆಸುವುದು ಹೇಗೆಂದು ಮುಖ ಮುಖ ನೋಡಿಕೊಂಡರು, ಆಮೇಲೆ ಅಂಗಿಯ ತೋಳಿನಿಂದ, ಓಢಣಿಯ ತುದಿಯಿಂದ ತಿಕ್ಕಿದರು. ನೀರಿನಲ್ಲಿ ಕಲಸಿ ಹಚ್ಚಿದ ಕುಂಕುಮ ಕಾಗದಕ್ಕೆ ಇಳಿದಿತ್ತು. ಕಪ್ಪು, ಬಿಳಿ, ಕೆಂಪು ಎಲ್ಲ ಕಲಸಿ ರಾಡಿಯಾಯಿತು.

"ಯಾರೂ ಉತ್ತರ ಕೊಡ್ತಾ ಇಲ್ಲವಲ್ಲ ಮೇಡಂ" ಎಂದರು ಸಾಹೇಬರು.

"ಕೊಟ್ಟಾರ್ರಿ ಸರ್, ಎಲ್ಲಾರೂ ಎತ್ಯಾರ ನೋಡ್ರಿ!"

"ಪರದೆ ಮೇಲೆ ಏನೂ ಬಂದಿಲ್ಲ. ಸರಿ, ಯಾರಾದ್ರೂ ಬಾಯಲ್ಲೇ ಹೇಳಲಿ."

ನಾನು ಕ್ಲಾಸಿನ ಕಡೆ ತಿರುಗಿದೆ. ಮಾನ ಮರ್ಯಾದೆ ಎಲ್ಲ ಬಿಟ್ಟು ಕೈಯನ್ನೇ ಮುಗಿದೆ. "ಯಾರರೆ ಒಬ್ರು ಹೇಳ್ರಪ್ಪಾ. ತಪ್ಪಾದ್ರೂ ಅಡ್ಡಿಯಿಲ್ಲ, ಹೇಳ್ರಿ." ಅಷ್ಟೂ ಮಂದಿ ಮತ್ತೆ ನೆಲ ನೋಡಿದರು. ಕೆಲವರ ಕಾರ್ಡುಗಳು ಇನ್ನೂ ಮೇಲೆಯೇ ಇದ್ದವು. ಸಾಹೇಬರು ಏನೋ ಬರೆದುಕೊಂಡು ಎದ್ದರು. ಬಾಗಿಲ ಹತ್ತಿರ ಪ್ರಿನ್ಸಿಪಾಲರು ನನ್ನ ಕಿವಿಗಷ್ಟೇ ಕೇಳುವಂತೆ "ಮುಗೀತ್ರಿ ಮೇಡಮ್, ಈ ವರ್ಷಕ್ಕ ಮುಗೀತು" ಎಂದು ಅವರ ಹಿಂದೆ ನಡೆದರು.

ತಲೆ ಕೆಟ್ಟುಹೋಯಿತು. ಕುರ್ಚಿ ನೂಕಿ ಕೂಗಿದೆ: "ಯಾವ ಶಾಣ್ಯಾ ಹಚ್ಚಿದ್ದು ಇದನ್ನ? ನನ್ನ ಹೊಟ್ಟಿ ಮ್ಯಾಲೆ ಹೊಡದ್ರಲ್ಲೋ!"

ಮುಂದಿನ ಬೆಂಚಿನ ಉಗರಗೋಳದ ಹುಡುಗಿ ಎದ್ದು ನಿಂತಳು. ಕೈ, ಓಢಣಿ ಎಲ್ಲ ಕೆಂಪಾಗಿದ್ದವು. ಕೊನೆಯ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ನಾನ ಹಚ್ಚೇನ್ರಿ ಮೇಡಮ್. ನಿಮ್ಮ ಕೆಲಸಾ ಹೋಗಬಾರದಂತ ಎಲ್ಲಾರೂ ಕೂಡಿ ಪೂಜಾ ಮಾಡಿದ್ವಿರಿ."

ಕಮಿಟಿಯವರ ಕಾರು ಆಗ ಗೇಟು ದಾಟುತ್ತಿತ್ತು.