ಇಲ್ಲದ ಕಾಯಿದೆ

ಇಲ್ಲದ ಒಂದು ಕಾಯಿದೆಯನ್ನು ನಾನು ಹುಟ್ಟಿಸಿದೆ. ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕಿ ನೆಲ ಒರೆಸುತ್ತಿದ್ದ ಶರಣವ್ವನಿಗೆ ಅದನ್ನು ಹೇಳಿದೆ. ಅವಳು ನಂಬಿದಳು. ಅವಳಿಗೆ ಸಿಗಬಹುದಾಗಿದ್ದ ಕಾಯಂ ನೌಕರಿ ಹೋಯಿತು.

ಎಂಬತ್ತೊಂದರ ಮಾತು. ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಬಾಗಲಕೋಟೆ ಕಡೆಯಿಂದ ಬಂದ ಅಪ್ಪ ಮರಾಠಿ ಸೀಮೆಯ ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ, ಚೀಟಿಯಲ್ಲಿ ಯಾವುದು ಬಂದರೂ ಗೆಲ್ಲುತ್ತಿದ್ದವಳು ನಾನು. ಗ್ರಹಣದಲ್ಲಿ ಉಣಬಾರದು ಅಂದವರಿಗೂ, ಜಾತಕ ನೋಡಬೇಕು ಅಂದವರಿಗೂ 'ಆಧಾರ ಏನು?' ಎಂದು ಕೇಳುವುದೇ ನನ್ನ ಚಟವಾಗಿತ್ತು. ಆ ದಿನ ಮಾತ್ರ ನನ್ನನ್ನು ಯಾರೂ ಆಧಾರ ಕೇಳಲಿಲ್ಲ.

ಶರಣವ್ವ ಗುಲ್ಬರ್ಗಾ ಜಿಲ್ಲೆಯವಳು. ಗಂಡ ಶಹಾಡ್‌ನಲ್ಲಿ ಹಮಾಲಿ ಮಾಡುತ್ತಿದ್ದ. ನಮ್ಮ ಬಿಲ್ಡಿಂಗಿನಲ್ಲಿ ಅವಳಿಗೆ ಐದು ಮನೆ. ಕನ್ನಡದಲ್ಲಿ ಮಾತಾಡಲು ನಮ್ಮದೊಂದೇ. ಐದು ಮನೆಯವರೂ ಅವಳನ್ನು ಮರಾಠಿ ರೂಢಿಯಂತೆ 'ನಮ್ಮ ಬಾಯಿ', ಅಂದರೆ ನಮ್ಮ ಕೆಲಸದಾಕೆ, ಅನ್ನುತ್ತಿದ್ದರು—ಆದರೆ ತಾವು ಅವಳ ಮಾಲೀಕರು ಅಂತ ಒಬ್ಬರೂ ಎಣಿಸಿದವರಲ್ಲ.

ಒಂದು ಬೆಳಿಗ್ಗೆ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವ್ವನ ಮುಂದೆ ನಿಂತಳು.

"ಅಕ್ಕಾರ, ಕಲ್ಯಾಣದಾಗ ಒಂದ ದವಾಖಾನಿ ತಗಿಯಾಕ ಹತ್ಯಾರಂತ್ರಿ. ಝಾಡೂ ಹೊಡಿಯಾಕ ಹೆಣಮಕ್ಕಳ ಬೇಕಾಗ್ಯಾರ. ಕಾಯಂ ನೌಕರಿ, ಸೂಟಿ ಕೊಡತಾರ, ಪಿ.ಎಫ್. ಹಿಡಿತಾರ. ಮದಲ ಎಲ್ಲಿ ಕೆಲಸಾ ಮಾಡೀದಿ, ಬರಸ್ಕೊಂಡ ಬಾ ಅಂದಾರ. ಆರ ವರ್ಷಾತು ನಿಮ್ಮ ಮನ್ಯಾಗ ಅದೀನಿ. ನಾಕ ಸಾಲ ಬರದ ಕೊಡ್ರೆಲಾ."

"ಅದಕ್ಕೇನ, ಬರಿಸೋಣಂತ" ಎಂದು ಅವ್ವ ನನ್ನ ಕಡೆ ನೋಡಿದಳು. ಸಂಜೆಯೊಳಗೆ ಬರೆದಿಡಬೇಕು, ಅಪ್ಪ ಸಹಿ ಮಾಡಬೇಕು—ಇಷ್ಟೇ ಕೆಲಸ. ನನ್ನ ಮೇಜಿನ ಮೇಲೆ ಹಾಳೆಯಿತ್ತು, ಪೆನ್ನಿತ್ತು.

ನಾನು ಬರೆಯಲಿಲ್ಲ. ಅಪ್ಪ ಬಂದೊಡನೆ ಸ್ಪರ್ಧೆಯ ವೇದಿಕೆ ಹತ್ತಿದವಳಂತೆ ಶುರು ಮಾಡಿದೆ. ಸಹಿ ಮಾಡಿದರೆ ನಾವು ಮಾಲೀಕರೆಂದು ಒಪ್ಪಿದಂತೆ. ಮಾಲೀಕರಾದರೆ ರಜೆ, ಬೋನಸ್ಸು. ಬಿದ್ದು ಕೈಕಾಲು ಮುರಿದುಕೊಂಡರೆ ಪರಿಹಾರ. ಸರ್ಕಾರದ ಲೆಕ್ಕದಲ್ಲಿ ನಮ್ಮ ಹೆಸರು. ಆರು ವರ್ಷ ಎಂದು ನಮ್ಮ ಕೈಯಾರೆ ಬರೆದುಕೊಟ್ಟ ಮೇಲೆ ಇಲ್ಲವೆನ್ನುವುದು ಹೇಗೆ?

ಅಪ್ಪ ಬೂಟು ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿದ. "ಹೌದಲಾ... ನಾಳೆ ಇನ್‌ಕಮ್ ಟ್ಯಾಕ್ಸಿನವ್ರು ಬಂದು ಬಾಗಿಲಾ ಬಡದ್ರ?"

"ಭಾಂಡೆ ತಿಕ್ಕಾಕಿಗೆ ಎಲ್ಲೀ ಟ್ಯಾಕ್ಸ್ ರೀ?" ಅಂದಳು ಅವ್ವ. "ನಿಮ್ಮ ಮಗಳು ಹಗ್ಗಾ ತೋರಿಸಿ ಹಾವು ಅಂತಾಳ, ನೀವು ಕೋಲು ಹುಡಕ್ತೀರಿ."

ಆದರೂ ಅಪ್ಪ ಹೆದರಿದ್ದ. ಗೆದ್ದೆ.

ಈಗ ಮುಚ್ಚಿಟ್ಟ ಮಾತು. ನನಗೆ ಸರ್ಕಾರದ ಹೆದರಿಕೆಯೇನೂ ಇರಲಿಲ್ಲ. ಯಾವ ಪುಸ್ತಕವನ್ನೂ ನಾನು ತೆರೆದು ನೋಡಿರಲಿಲ್ಲ. ಶರಣವ್ವ ಹೋದರೆ ಪರೀಕ್ಷೆಯ ಹೊತ್ತಿಗೆ ಪಾತ್ರೆಗಳು ನನ್ನ ಪಾಲಿಗೆ ಬರುತ್ತವೆ—ಅವ್ವನ ಮೊಣಕೈ ನೋವು ಆಗಲೇ ಶುರುವಾಗಿತ್ತು—ಇದೊಂದೇ ನನ್ನ ತಲೆಯಲ್ಲಿದ್ದದ್ದು. ಇಲ್ಲ, ಇನ್ನೊಂದೂ ಇತ್ತು. ವಾದ ಮಾಡುತ್ತ ಮಾಡುತ್ತ ನನಗೆ ಅದರ ರುಚಿ ಹತ್ತಿಬಿಟ್ಟಿತ್ತು...

ಮರುದಿನ ಶರಣವ್ವ ಕೇಳಿದಾಗ ಅವ್ವ ತಲೆ ತಗ್ಗಿಸಿದಳು. ಹೇಳಿದವಳು ನಾನೇ.

"ಮನಿ ಮಂದಿ ಹಂಗ ಬರದು ಕೊಡೂದು ಕಾಯ್ದೆದಾಗ ಇಲ್ಲ, ಶರಣವ್ವ. ಕಂಪನಿಯವರು ಅಷ್ಟ ಕೊಡಬೇಕು."

ಅವಳು ಒರೆಸುವ ಬಟ್ಟೆ ಹಿಂಡುತ್ತ ಕೇಳಿದಳು. "ಹಂಗಾರ ಆರ ವರ್ಷ ನಾ ಎಲ್ಲಿ ಕೆಲಸಾ ಮಾಡೀನಿ, ತಂಗಿ?"

ಕೊಂಕಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದಳು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿದೆ. "ಇರಲಿ ತಗೋ, ನಿಮಗ್ಯಾಕ ತ್ರಾಸ" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿ ನೆಲ ಒರೆಸಲು ಹೋದಳು. ದವಾಖಾನೆಯ ಆ ಜಾಗಕ್ಕೆ ಬೇರೆ ಯಾರೋ ಸೇರಿದರು. ನಾನು ಮೊದಲ ದರ್ಜೆಯಲ್ಲಿ ಪಾಸಾದೆ.

ಇಷ್ಟಕ್ಕೇ ನಿಂತಿದ್ದರೆ ಒಬ್ಬಳಿಗೆ ಮಾಡಿದ ಅನ್ಯಾಯ ಎನ್ನಬಹುದಿತ್ತು. ಆಮೇಲೆ ನಾನು ವಕೀಲಿ ಓದಿದೆ. ಅಂಥ ಕಾಯಿದೆ ಎಲ್ಲೂ ಇಲ್ಲ—ಅದನ್ನು ತಿಳಿಯಲು ಓದಬೇಕಾಗಿರಲಿಲ್ಲ ಅನ್ನುವುದು ಬೇರೆ ಮಾತು. ಅಷ್ಟರಲ್ಲಿ ಶರಣವ್ವ ಮಂಡಿನೋವಿನಿಂದ ಕೆಲಸ ಬಿಟ್ಟು ಠಾಕುರ್ಲಿಯ ಚಾಳೊಂದರ ಒಂಟಿ ಕೋಣೆಯಲ್ಲಿ ಮಗ-ಸೊಸೆಯ ಜೊತೆಗಿದ್ದಳು. ಹೋದ ಭಾನುವಾರ, ಐದು ವರ್ಷದ ಮೇಲೆ, ಎಲ್ಲ ಹೇಳಿಬಿಡಬೇಕೆಂದು ಹೋದೆ.

ಅವಳು ಹಿಗ್ಗಿದಳು. ಚಹಾ ಮಾಡಿಸಿದಳು. ಓಣಿಯ ಹೆಂಗಸರನ್ನು ಕರೆದು ನನ್ನನ್ನು ತೋರಿಸಿದಳು: "ನಾ ಹೇಳತಿದ್ದಿಲ್ಲಾ, ಕಾಯ್ದೆ ಬಲ್ಲಾಕಿ ಅಂತ? ಈಕೀನ. ನಮ್ಮ ತಂಗಿ."

ಸೊಸೆ ನೀಲವ್ವ ಮೂರು ಮನೆಯಲ್ಲಿ ಕೆಲಸ ಮಾಡುತ್ತಾಳೆ. ಶಾಲೆಯೊಂದರಲ್ಲಿ ಆಯಾ ನೌಕರಿ ಖಾಲಿಯಿದೆಯಂತೆ. "ಈಕಿಗೂ ಬರಸ್ಕೊಂಡ ಬಾ ಅಂದಾರ. ನಾನ ಬ್ಯಾಡ ಅಂದೀನಿ. ಬಾಜೂ ಮನಿ ಹುಡುಗಿಗೂ ಅದನ್ನ ಹೇಳೀನಿ. ಕಾಯ್ದೆದಾಗ ಇಲ್ಲದ್ದು ಕೇಳಿ ಮರ್ಯಾದಿ ಯಾಕ ಕಳಕೋಬೇಕು?"

ನನ್ನ ಸುಳ್ಳು ಅಲ್ಲಿ ಐದು ವರ್ಷದಿಂದ ಕಾಯಿದೆಯಾಗಿ ನಡೆಯುತ್ತಿತ್ತು.

ಹೇಳಿದೆ. ಪೀಠಿಕೆ ಹಾಕದೆ, ನನ್ನ ವಯಸ್ಸನ್ನು ಅಡ್ಡ ಹಿಡಿಯದೆ. ಕಾಯಿದೆ ಇರಲಿಲ್ಲ, ನಾನೇ ಪಾತ್ರೆ ತಿಕ್ಕಬೇಕಾದೀತೆಂಬ ಕಾರಣಕ್ಕೆ ಸುಳ್ಳು ಹೇಳಿದೆ ಎಂದೆ. ಶರಣವ್ವ ನನ್ನ ಮುಖವನ್ನೇ ನೋಡುತ್ತ ಕೇಳಿದಳು:

"ಹಂಗಾರ ಅವತ್ತ ಬರದ ಕೊಟ್ಟಿದ್ರ ನಡೀತಿತ್ತ?"

"ನಡೀತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ—ಬೇಡ, ಅದನ್ನು ಬಯಸುವ ಹಕ್ಕೂ ನನಗಿಲ್ಲ. ನನ್ನ ಕಡೆಯಿಂದ ಮುಖ ತಿರುಗಿಸಿ ಸೊಸೆಗೆ ಹೇಳಿದಳು:

"ಕೇಳವಾ ನೀಲವ್ವ. ನಾಳೀಗೇ ಕೇಳು. ಮೂರೂ ಮನ್ಯಾಗ ಕೇಳು. ಇಲ್ಲ ಅಂದ್ರ, ಯಾವ ಕಾಯ್ದೆ, ತೋರಸ್ರಿ ಅನ್ನು."

ಹೆಂಗಸರೆಲ್ಲ ಒಟ್ಟಿಗೆ ಮಾತಿಗೆ ತೊಡಗಿದರು. ಯಾರ ಮನೆಯಲ್ಲಿ ಕೇಳಬೇಕು, ಏನೇನು ಬರೆಸಬೇಕು. ನನ್ನನ್ನು ಯಾರೂ ಏನೂ ಕೇಳಲಿಲ್ಲ.